ಬೆಲೆ ನೋಡಿ ಸಸಿ ನೆಟ್ಟಂತೆ: ಉಬ್ಬರದಲ್ಲಿ, ಹಿಂಜರಿತದಲ್ಲಿ ಯಾವ ಕೆಲಸದ ಪಾಡು ಹೇಗೆ

2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ 15 ಕಿಲೊ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಕಳ್ಳರ ಕಾಟಕ್ಕೆ ರೈತರು ರಾತ್ರಿ ತೋಟದಲ್ಲಿ ಕಾವಲು ಕೂತರು. ಆ ಬೆಲೆ ಕಂಡು ಎಷ್ಟೋ ಜನ ಸಸಿ ನೆಟ್ಟರು. ಸೆಪ್ಟೆಂಬರ್ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟದಷ್ಟು ಬೆಲೆ ಬಿದ್ದುಹೋಯಿತು.

ಈ ಕಥೆ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದೇ ಜನ ಮನೆಗೆ ಹೋಗಿ, ಈ ವರ್ಷ ಯಾವ ಬ್ರಾಂಚಿನವರಿಗೆ ದೊಡ್ಡ ಪ್ಯಾಕೇಜ್ ಸಿಕ್ಕಿತು ಎಂದು ವಿಚಾರಿಸಿ ಮಗಳಿಗೆ ಸೀಟು ಹಿಡಿಯುತ್ತಾರೆ. ಟೊಮೆಟೊ ಮೂರು ತಿಂಗಳಿಗೆ ಕೈಗೆ ಬರುತ್ತದೆ, ಎಂಜಿನಿಯರಿಂಗ್ ಪದವಿಗೆ ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಮಾರುಕಟ್ಟೆ ಒಂದು ಸುತ್ತು ಹಾಕಿ ಬಂದಿರುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲಿ ಅಲ್ಲಿನ ಎಂಜಿನಿಯರುಗಳ ವಿಚಾರದಲ್ಲಿ ಇದನ್ನೇ ತೋರಿಸಿದ್ದರು. ಸಂಬಳ ಏರಿದ ವರ್ಷ ಕಾಲೇಜು ತುಂಬುತ್ತದೆ. ತುಂಬಿದವರೆಲ್ಲ ಒಟ್ಟಿಗೆ ಹೊರಬಿದ್ದಾಗ ಸಂಬಳ ಇಳಿಯುತ್ತದೆ. ಇಳಿದದ್ದು ಕಂಡು ಮುಂದಿನ ತಂಡ ಬೇರೆ ದಾರಿ ಹಿಡಿಯುತ್ತದೆ, ಆಗ ಮತ್ತೆ ಕೊರತೆ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಬೆಂಗಳೂರಿನ ಪೀಣ್ಯ, ದಾಸರಹಳ್ಳಿ, ತುಮಕೂರು ರಸ್ತೆಯ ಸಣ್ಣಪುಟ್ಟ ಸಂಸ್ಥೆಗಳಿಗೆ ಸಂಬಳದ ಪಟ್ಟಿ ಬರೆದು, ಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ಚಲನ್, ಅಂದರೆ ನೌಕರರ ಹೆಸರು, ಸಂಬಳ ತೋರಿಸಿ ಹಣ ಕಟ್ಟುವ ಪಟ್ಟಿ, ಮಾಡಿಕೊಡುವುದು ನನ್ನ ಕಸುಬು. ನನ್ನ ಗಿರಾಕಿಗಳಲ್ಲಿ ನಾಲ್ಕು ಮಷಿನ್ ಶಾಪ್, ಒಂದು ಗಾರ್ಮೆಂಟ್ಸ್, ಎರಡು ಹೋಟೆಲ್, ಒಂದು ನರ್ಸಿಂಗ್ ಹೋಂ, ಒಂದು ಖಾಸಗಿ ಶಾಲೆ, ಮೂವತ್ತು ಜನರ ಒಂದು ಸಾಫ್ಟ್‌ವೇರ್ ಕಚೇರಿ ಇವೆ. ಪ್ರತಿ ತಿಂಗಳೂ 15ನೇ ತಾರೀಖಿನೊಳಗೆ ಎಲ್ಲರ ಪಿಎಫ್ ಹಣ ಕಟ್ಟಬೇಕು. ಪತ್ರಿಕೆಯಲ್ಲಿ ‘ಹಿಂಜರಿತ’ ಎಂಬ ಪದ ಅಚ್ಚಾಗುವ ಹೊತ್ತಿಗೆ ಅದು ನನ್ನ ಚಲನ್‌ನಲ್ಲಿ ಎರಡು ತಿಂಗಳು ಹಳೆಯದಾಗಿರುತ್ತದೆ.

ಮಷಿನ್ ಶಾಪೊಂದರಲ್ಲಿ ಕಸ ಗುಡಿಸಿ ಚಹಾ ಕೊಡುವ ಹೆಂಗಸೊಬ್ಬರು ಒಂದು ದಿನ ನನ್ನ ಮೇಜಿನ ಬಳಿ ನಿಂತರು. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದ. “ಸಾರ್, ಯಾವ ಕೆಲಸ ಕೊನೆತನಕ ಇರುತ್ತದೆ ಹೇಳಿ, ಅದಕ್ಕೇ ಸೇರಿಸುತ್ತೇನೆ” ಎಂದರು. ಕೊನೆತನಕ ಇರುವ ಕೆಲಸ ಯಾವುದೂ ಇಲ್ಲಮ್ಮ ಎಂದು ಹೇಳಿ ಕಳುಹಿಸುವುದು ಸುಲಭ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವಾಗುವುದಿಲ್ಲ.

ಪೆಟ್ಟು ಬೀಳುವ ಬಗೆ

ಕೆಟ್ಟ ಕಾಲ ಬಂದಾಗ ಚಲನ್‌ನಲ್ಲಿ ನಾನು ಕಾಣುವುದು ಮೂರು ಬಗೆ. ಕೆಲವು ಕಡೆ ಹೆಸರುಗಳೇ ಅಳಿಯುತ್ತವೆ: ಹೋದ ತಿಂಗಳು 64 ಜನ, ಈ ತಿಂಗಳು 41. ಕೆಲವು ಕಡೆ ಹೆಸರು ಅಷ್ಟೇ ಇರುತ್ತದೆ, ಎದುರಿನ ಅಂಕಿ ಕುಗ್ಗುತ್ತದೆ, ಇಲ್ಲವೇ ಸಂಬಳದ ದಿನ 7ರಿಂದ 22ಕ್ಕೆ ಜಾರುತ್ತದೆ. ಇನ್ನು ಕೆಲವು ಕಡೆ ಹೆಸರೂ ಅಂಕಿಯೂ ಅಲ್ಲಾಡುವುದಿಲ್ಲ, ಹೊಸ ಹೆಸರು ಮಾತ್ರ ಸೇರುವುದಿಲ್ಲ. ಒಳಗಿದ್ದವರಿಗೆ ಬಿಸಿ ತಟ್ಟದು, ಬಾಗಿಲಲ್ಲಿ ನಿಂತವರು ಮಾತ್ರ ನಿಂತೇ ಇರಬೇಕು.

ಹೀಗಾಗಿ ಯಾವ ಕ್ಷೇತ್ರ ‘ಸುರಕ್ಷಿತ’ ಎಂಬ ಪ್ರಶ್ನೆಯೇ ನನಗೆ ಅರೆಬೆಂದದ್ದಾಗಿ ಕಾಣುತ್ತದೆ. ಪೆಟ್ಟು ಎಲ್ಲ ಕಡೆಗೂ ಬೀಳುತ್ತದೆ. ಅದು ಯಾವ ಬಗೆಯದು, ಆ ಬಗೆಯ ಪೆಟ್ಟನ್ನು ನಿಮ್ಮ ಮನೆ ತಡೆದುಕೊಳ್ಳುತ್ತದೆಯೇ ಎಂದು ಕೇಳಬೇಕು. ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ: ನಿಮ್ಮ ಸಂಬಳದ ಹಣ ಮೂಲದಲ್ಲಿ ಯಾರ ಜೇಬಿನಿಂದ ಬರುತ್ತದೆ? ಮಾಲೀಕರ ಜೇಬು ಅಂತೂ ಅಲ್ಲ. ಅದರ ಹಿಂದೆ ಅಮೆರಿಕದ ಬ್ಯಾಂಕಿರಬಹುದು, ಕಾರು ಕೊಳ್ಳಲು ಸಾಲ ಮಾಡಿದವರಿರಬಹುದು, ಸರ್ಕಾರದ ಖಜಾನೆ ಇರಬಹುದು, ಜ್ವರ ಬಂದ ಮಗುವಿನ ತಂದೆ ಇರಬಹುದು.

ಎಲ್ಲ ಕ್ಷೇತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಕಾಲವೊಂದಿದೆ: 2020ರ ಏಪ್ರಿಲ್‌ನಿಂದ ಜೂನ್. ಆಗ ಬಂದ ಮೊದಲ ಅಂದಾಜಿನಂತೆ ದೇಶದ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 23.9ರಷ್ಟು ಕುಸಿದಿತ್ತು. ಕಟ್ಟಡ ನಿರ್ಮಾಣ ಶೇ 50.3, ವ್ಯಾಪಾರ–ಹೋಟೆಲ್–ಸಾರಿಗೆ ಶೇ 47, ತಯಾರಿಕೆ ಶೇ 39.3ರಷ್ಟು ಇಳಿದಿದ್ದರೆ, ಹಣಕಾಸು ಮತ್ತು ವೃತ್ತಿಪರ ಸೇವೆಗಳು ಇಳಿದದ್ದು ಶೇ 5.3 ಮಾತ್ರ. ಕೃಷಿಯೊಂದು ಶೇ 3.4ರಷ್ಟು ಬೆಳೆದಿತ್ತು. ಅದು ಆದೇಶದಿಂದ ಬಾಗಿಲು ಹಾಕಿದ ಕಾಲ, ಸಾಮಾನ್ಯ ಹಿಂಜರಿತವಲ್ಲ. ಆದರೂ ಮೈಯಿಂದ ದುಡಿಯುವವರಿಗೂ ಲ್ಯಾಪ್‌ಟಾಪ್‌ನಲ್ಲಿ ದುಡಿಯುವವರಿಗೂ ನಡುವಿನ ಅಂತರ ಅಷ್ಟು ಸ್ಪಷ್ಟವಾಗಿ ಬೇರೆಂದೂ ಕಂಡಿರಲಿಲ್ಲ.

ಪೀಣ್ಯದ ಸರಪಳಿ

ನನಗೆ ಹತ್ತಿರದಿಂದ ಗೊತ್ತಿರುವುದು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. 2018ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಐಎಲ್ ಅಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಸಾಲದ ಕಂತು ಕಟ್ಟಲಾಗದೆ ಕುಸಿಯಿತು. ಪೀಣ್ಯದಲ್ಲಿ ಆ ಹೆಸರನ್ನು ಕೇಳಿದವರೇ ಕಡಿಮೆ. ಆದರೆ ಆ ಸುದ್ದಿಯ ನಂತರ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಹಣ ಸಿಗುವುದು ಕಷ್ಟವಾಯಿತು. ಬೈಕಿಗೆ, ಕಾರಿಗೆ, ಲಾರಿಗೆ ಸಾಲ ಕೊಡುತ್ತಿದ್ದವರಲ್ಲಿ ಹೆಚ್ಚಿನವರು ಅವರೇ. ಸಾಲ ನಿಂತಿತು, ಷೋರೂಂ ಖಾಲಿಯಾಯಿತು. 2019ರ ಆಗಸ್ಟ್‌ನಲ್ಲಿ ದೇಶದ ಕಾರು ಮಾರಾಟ ಹಿಂದಿನ ವರ್ಷಕ್ಕಿಂತ ಶೇ 30ಕ್ಕೂ ಹೆಚ್ಚು ಬಿತ್ತು. ವಾಹನ ಕಂಪನಿ ತನಗೆ ಬಿಡಿಭಾಗ ಕೊಡುವವರ ಆರ್ಡರ್ ತಗ್ಗಿಸಿತು, ಅವರು ಪೀಣ್ಯದವರಿಗೆ ಕೊಡುತ್ತಿದ್ದ ಜಾಬ್ ವರ್ಕ್ (ಕೂಲಿಗೆ ಮಾಡಿಕೊಡುವ ಕೆಲಸ) ತಗ್ಗಿಸಿದರು, ಜಾಬ್ ವರ್ಕಿನವರು ಮೂರನೇ ಪಾಳಿ ನಿಲ್ಲಿಸಿದರು. ಮುಂಬೈಯಲ್ಲಿ ಕಂತು ತಪ್ಪಿದ್ದಕ್ಕೆ ಒಂದು ವರ್ಷದೊಳಗೆ ದಾಸರಹಳ್ಳಿಯ ಬಾಡಿಗೆ ಕೋಣೆಯಲ್ಲಿ ಒಬ್ಬ ಹುಡುಗ ಊರಿಗೆ ಹಣ ಕಳಿಸುವುದನ್ನು ನಿಲ್ಲಿಸಿದ.

ಅವನ ಕೆಲಸ ಹೋಗಿರಲಿಲ್ಲ, ಹೋದದ್ದು ಓವರ್‌ಟೈಮ್. ಮೂಲ ಸಂಬಳ 14,000 ರೂಪಾಯಿ, ಓಟಿ ಸೇರಿದರೆ ಕೈಗೆ 20,000 ಬರುತ್ತಿತ್ತು. ಅವನ ಬೈಕಿನ ಕಂತು, ತಂಗಿಯ ಫೀಸು, ಚೀಟಿ ಎಲ್ಲವೂ ಆ 20,000ದ ಲೆಕ್ಕದಲ್ಲಿ ನಿಂತಿದ್ದವು. ತಯಾರಿಕಾ ಕ್ಷೇತ್ರಕ್ಕೆ ಸೇರುವವರು ಮೊದಲು ತಿಳಿದಿರಬೇಕಾದದ್ದು ಇದು. ಉಬ್ಬರದಲ್ಲಿ ಬರುವ ಓಟಿ ಸಂಬಳವಲ್ಲ, ಅದು ಮಳೆ.

ಕಾರ್ಖಾನೆಯಲ್ಲಿ ಪೆಟ್ಟು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೊದಲು ಓಟಿ, ಆಮೇಲೆ ಗುತ್ತಿಗೆಯ ಹೆಲ್ಪರ್, ಆಮೇಲೆ ಆಪರೇಟರ್. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಸೆಟ್ಟರನ್ನು ಮಾಲೀಕರು ಹೆಂಡತಿಯ ಬಳೆ ಅಡವಿಟ್ಟಾದರೂ ಉಳಿಸಿಕೊಳ್ಳುತ್ತಾರೆ. ಮಷಿನ್‌ಗೆ ಪ್ರೋಗ್ರಾಂ ಹಾಕಿ, ಟೂಲ್ ಕೂರಿಸಿ, ಮೊದಲ ಪೀಸ್ ಅಳತೆಗೆ ತರುವ ಕೈ ಒಮ್ಮೆ ಹೋದರೆ ಆರ್ಡರ್ ಮರಳಿದಾಗ ಸಿಗುವುದಿಲ್ಲ ಎಂದು ಅವರಿಗೆ ಗೊತ್ತು. ಉಬ್ಬರದಲ್ಲಿ ಇದೇ ಸೆಟ್ಟರ್ ಸಾವಿರದೈನೂರು ಹೆಚ್ಚು ಕೊಟ್ಟರೆಂದು ಎದುರಿನ ಷೆಡ್ಡಿಗೆ ಹಾರುತ್ತಾನೆ. ಎರಡೂ ನ್ಯಾಯವೇ.

ಸಾಫ್ಟ್‌ವೇರ್: ಬಾಗಿಲು ಮುಚ್ಚುವ ಕ್ಷೇತ್ರ

ಬೆಂಗಳೂರಿನ ಐಟಿಯ ಹಣ ಬಹುಪಾಲು ಅಮೆರಿಕ, ಯುರೋಪಿನಿಂದ ಬರುತ್ತದೆ. ಹೀಗಾಗಿ ಅದರ ಕಾಲಮಾನವೂ ಅಲ್ಲಿಯದೇ. 2000–01ರಲ್ಲಿ ಡಾಟ್‌ಕಾಂ ಗುಳ್ಳೆ ಒಡೆದದ್ದು, 2008ರ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ದಿವಾಳಿಯಾದದ್ದು, 2022ರ ಮಾರ್ಚ್‌ನಿಂದ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರವನ್ನು ಸೊನ್ನೆಯ ಹತ್ತಿರದಿಂದ ಒಂದೂವರೆ ವರ್ಷದೊಳಗೆ ಶೇ 5ರ ಆಚೆ ಒಯ್ದದ್ದು, ಮೂರೂ ನಮ್ಮಲ್ಲಿ ಆಫರ್ ಲೆಟರ್ ಹಿಡಿದು ಕಾಯುವ ಹುಡುಗರ ಸಾಲನ್ನು ಉದ್ದ ಮಾಡಿದವು. ಈ ಹೊತ್ತಿನಲ್ಲಿ ನಮ್ಮ ಊರಿನಲ್ಲಿ ಮಳೆ ಚೆನ್ನಾಗಿತ್ತೇ, ಮಾರುಕಟ್ಟೆ ಕಳೆಗಟ್ಟಿತ್ತೇ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಅಂಕಿಗಳನ್ನು ನೋಡಿ. 2021–22ರ ಒಂದೇ ಆರ್ಥಿಕ ವರ್ಷದಲ್ಲಿ ಟಿಸಿಎಸ್‌ನ ನೌಕರರ ಸಂಖ್ಯೆ 1,03,546ರಷ್ಟು ಏರಿತು. 2023–24ರಲ್ಲಿ ಅದು 13,249ರಷ್ಟು ಇಳಿಯಿತು. ಇನ್ಫೊಸಿಸ್‌ನಲ್ಲಿ ಅದೇ ವರ್ಷ 25,994ರಷ್ಟು ಇಳಿಕೆ. ಇದರಲ್ಲಿ ಬಹುಪಾಲು ಜನರನ್ನು ಹೊರಗೆ ಹಾಕಿದ್ದರಿಂದ ಆದದ್ದಲ್ಲ. ಬಿಟ್ಟು ಹೋದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದೆ ಆದದ್ದು. 2022ರ ಮಧ್ಯದಲ್ಲಿ ಇನ್ಫೊಸಿಸ್‌ನಲ್ಲಿ ವರ್ಷಕ್ಕೆ ನೂರಕ್ಕೆ 28 ಜನ ಕೆಲಸ ಬಿಡುತ್ತಿದ್ದರು. ಬಾಗಿಲು ಮುಚ್ಚಿ ಸುಮ್ಮನೆ ಕೂತರೂ ಮನೆ ತಾನಾಗಿ ಖಾಲಿಯಾಗುತ್ತದೆ.

ಅಂದರೆ ದೊಡ್ಡ ಐಟಿ ಸೇವಾ ಕಂಪನಿಗಳ ಪೆಟ್ಟು ಬಾಗಿಲಲ್ಲಿ ನಿಂತವರಿಗೆ. ಒಳಗಿರುವ ನಾಲ್ಕೈದು ವರ್ಷದ ಅನುಭವಿಗಳಿಗೆ ಹೈಕ್ ಸಿಗದಿರಬಹುದು, ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿ ಕೂರಬೇಕಾಗಬಹುದು. ಹದಿನೈದು ವರ್ಷವಾಗಿ, ತಾವೇ ಕೋಡ್ ಬರೆಯುವುದನ್ನು ಬಿಟ್ಟು, ಬರೆಯುವವರನ್ನು ನೋಡಿಕೊಳ್ಳುವ ಕುರ್ಚಿಗೆ ಏರಿದವರು ಮಾತ್ರ ಎಚ್ಚರವಾಗಿರಬೇಕು. ಬಾಗಿಲಿನಿಂದ ಹೊಸಬರು ಬಾರದಿದ್ದರೆ ಅವರು ನೋಡಿಕೊಳ್ಳಬೇಕಾದ ತಂಡವೇ ಇರುವುದಿಲ್ಲ.

ಸ್ಟಾರ್ಟ್‌ಅಪ್‌ಗಳನ್ನು ಈ ಸಾಲಿಗೆ ಸೇರಿಸುವುದು ತಪ್ಪು. ಐಟಿ ಸೇವಾ ಕಂಪನಿ ಗಿರಾಕಿಯ ದುಡ್ಡಿನಲ್ಲಿ ಬದುಕುತ್ತದೆ, ಸ್ಟಾರ್ಟ್‌ಅಪ್ ಹೂಡಿಕೆದಾರರ ದುಡ್ಡಿನಲ್ಲಿ. ಬಡ್ಡಿ ಏರಿದ ದಿನ ಹೂಡಿಕೆದಾರರು ಕೈ ಹಿಂದೆಳೆಯುತ್ತಾರೆ, ಮರುತಿಂಗಳು ಹೆಸರು ಅಳಿಯುತ್ತದೆ. 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಆನ್‌ಲೈನ್ ಪಾಠದ ಕಂಪನಿ ಬೈಜೂಸ್, 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಉಬ್ಬರದಲ್ಲಿ ಸ್ಟಾರ್ಟ್‌ಅಪ್ ಎರಡು ಪಟ್ಟು ಸಂಬಳ ಕೊಡುತ್ತದೆ ನಿಜ. ಆ ಎರಡನೇ ಪಟ್ಟನ್ನು ಅಪಾಯದ ಭತ್ಯೆ ಎಂದು ತಿಳಿದು ಬ್ಯಾಂಕಿನಲ್ಲಿಡುವ ಹುಡುಗರು ನನಗೆ ಸಿಕ್ಕಿದ್ದು ಇಬ್ಬರೇ.

ಸರ್ಕಾರಿ ಕೆಲಸ: ಒಳಗೆ ನೆರಳು, ಹೊರಗೆ ಬಿಸಿಲು

ನಮ್ಮ ಕಡೆ ಹಿಂಜರಿತ ಎಂದ ತಕ್ಷಣ ತಂದೆತಾಯಿ ಹೇಳುವ ಮೊದಲ ಮಾತು “ಗೌರ್ಮೆಂಟ್ ಕೆಲಸ ನೋಡು” ಎಂಬುದು. ಅದರಲ್ಲಿ ಹುರುಳಿದೆ. 2008ರಲ್ಲಿ ಜಗತ್ತೆಲ್ಲ ಕೆಲಸ ಕಳೆದುಕೊಳ್ಳುತ್ತಿದ್ದಾಗ ಕೇಂದ್ರ ಸರ್ಕಾರಿ ನೌಕರರಿಗೆ ಆರನೇ ವೇತನ ಆಯೋಗದ ಸಂಬಳ, ಅದೂ 2006ರ ಜನವರಿಯಿಂದ ಲೆಕ್ಕ ಹಾಕಿದ ಬಾಕಿಯೊಂದಿಗೆ ಬಂತು. 2020ರಲ್ಲಿ ದೇಶವೇ ಬಾಗಿಲು ಹಾಕಿದಾಗ ಅವರು ಕಳೆದುಕೊಂಡದ್ದು ತುಟ್ಟಿಭತ್ಯೆಯ ಹೆಚ್ಚಳವನ್ನು, ಹದಿನೆಂಟು ತಿಂಗಳ ಮಟ್ಟಿಗೆ. 2021ರ ಜುಲೈಯಲ್ಲಿ ಅದು ಶೇ 17ರಿಂದ ಒಮ್ಮೆಗೇ 28ಕ್ಕೆ ಏರಿತು. ಅದೇ ಹೊತ್ತಿಗೆ ನನ್ನ ಚಲನ್‌ನ ಹೋಟೆಲ್ ಒಂದರಲ್ಲಿ 38 ಹೆಸರುಗಳಲ್ಲಿ ಉಳಿದದ್ದು ಒಂಬತ್ತು.

ಆದರೆ ಈ ನೆರಳಿಗೆ ಕೊಡುವ ಬೆಲೆ ಹಣದಲ್ಲಿ ಕಾಣುವುದಿಲ್ಲ, ವಯಸ್ಸಿನಲ್ಲಿ ಕಾಣುತ್ತದೆ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಸೆಂಟರುಗಳ ಸುತ್ತ ಪಿಜಿ ಕೋಣೆ ಹಿಡಿದು ಓದುವವರಲ್ಲಿ ಮೂವತ್ತು ದಾಟಿದವರು ಎಷ್ಟು ಜನ ಎಂದು ನೋಡಿ ಬನ್ನಿ. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2011ರ 362 ಗೆಜೆಟೆಡ್ ಪ್ರೊಬೇಷನರ್‌ಗಳ ಆಯ್ಕೆ ಪಟ್ಟಿ 2014ರಲ್ಲಿ ರದ್ದಾಗಿ, ಅದಕ್ಕೆ ಮತ್ತೆ ಜೀವ ಬರಲು 2022ರಲ್ಲಿ ಕಾನೂನನ್ನೇ ತರಬೇಕಾಯಿತು. ಹಿಂಜರಿತದಲ್ಲಿ ಅರ್ಜಿ ಹಾಕುವವರು ಹೆಚ್ಚಾಗುತ್ತಾರೆ. ಖಜಾನೆಗೆ ತೆರಿಗೆ ಕಡಿಮೆ ಬಂದು ಹುದ್ದೆ ತುಂಬುವುದೂ ನಿಧಾನವಾಗುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ, ಎಲ್ಲರೂ ಸರ್ಕಾರಿ ಕೆಲಸ ಬೇಕೆನ್ನುವ ಕಾಲವೇ ಅದು ಸಿಗಲು ಅತಿ ಕಷ್ಟವಾದ ಕಾಲ. ಖಾಸಗಿಯವರು ಕರೆದು ಕರೆದು ಕೆಲಸ ಕೊಡುವ ಭರಾಟೆಯ ವರ್ಷದಲ್ಲಿ ಪರೀಕ್ಷೆ ಬರೆಯುವವನಿಗೆ ಪೈಪೋಟಿ ಕಡಿಮೆ. ಆದರೆ ಆ ವರ್ಷ ಯಾರಿಗೂ ಅದರ ನೆನಪಾಗುವುದಿಲ್ಲ.

ಇನ್ನೊಂದು ಮಾತು. ಅತಿಥಿ ಉಪನ್ಯಾಸಕ, ಹೊರಗುತ್ತಿಗೆ ಡೇಟಾ ಎಂಟ್ರಿ, ಹಂಗಾಮಿ ಚಾಲಕ, ಇವೆಲ್ಲ ಸರ್ಕಾರಿ ಕಟ್ಟಡದೊಳಗಿನ ಖಾಸಗಿ ಕೆಲಸಗಳು. ಅಲ್ಲಿ ಭದ್ರತೆಯೂ ಇಲ್ಲ, ಓಟಿಯೂ ಇಲ್ಲ, ಸಂಬಳ ಮೂರು ತಿಂಗಳಿಗೊಮ್ಮೆ ಬಂದರೆ ಪುಣ್ಯ. ಬೋರ್ಡಿನ ಮೇಲಿನ ಸಿಂಹಲಾಂಛನ ನೋಡಿ ಮೋಸಹೋಗಬೇಡಿ.

ಗಾರ್ಮೆಂಟ್ಸ್, ಗಾರೆ, ಗಣಿ

ಮೂರರಲ್ಲೂ ಹೆಸರೇ ಅಳಿಯುತ್ತದೆ, ಅಳಿಸುವ ಕೈ ಮಾತ್ರ ಬೇರೆ ಬೇರೆ.

ಗಾರ್ಮೆಂಟ್ಸ್‌ನಲ್ಲಿ ಆ ಕೈ ಸಮುದ್ರದಾಚೆ ಇರುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50 ಸುಂಕ ಹಾಕಿದಾಗ ನಮ್ಮ ಹೊಲಿಗೆ ಲೈನಿನ ಹೆಣ್ಣುಮಕ್ಕಳಲ್ಲಿ ಯಾರೊಬ್ಬರೂ ಒಂದು ಹೊಲಿಗೆ ತಪ್ಪು ಹಾಕಿರಲಿಲ್ಲ. ಸಂಬಳ ಕನಿಷ್ಠ ವೇತನದ ಆಸುಪಾಸು ಇರುವುದರಿಂದ ಇಲ್ಲಿ ಉಬ್ಬರದ ಲಾಭ ಕೈಗೆ ಬರುವುದೇ ಇಲ್ಲ, ಇಳಿತದ ನಷ್ಟ ಮಾತ್ರ ಬರುತ್ತದೆ. ಈ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ನಿವೃತ್ತಿಯ ಮಾತಲ್ಲ. ಕೆಲಸ ಹೋದ ತಿಂಗಳಿನ ಅಕ್ಕಿ, ಬಾಡಿಗೆ. 2016ರ ಏಪ್ರಿಲ್‌ನಲ್ಲಿ ಪಿಎಫ್‌ನ ಪೂರ್ತಿ ಹಣ ಹಿಂತೆಗೆಯಲು ತಡೆ ಹಾಕುವ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ನೌಕರರು ಬೀದಿಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸು ತೆಗೆದುಕೊಂಡಿತು. ಆ ವಾರ ನನ್ನ ಗಾರ್ಮೆಂಟ್ಸ್ ಗಿರಾಕಿಯ ಗೇಟಿನಲ್ಲಿ ಹೆಂಗಸರು ನನ್ನನ್ನು ನಿಲ್ಲಿಸಿ, “ನಮ್ಮ ದುಡ್ಡು ನಮಗೆ ಯಾವಾಗ ಕೊಡುತ್ತಾರಂತೆ ಸಾರ್?” ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಗಾರೆ ಕೆಲಸದಲ್ಲಿ ಪಿಎಫ್ ಹೆಸರೇ ಇರುವುದಿಲ್ಲ, ಹೀಗಾಗಿ ಅಳಿದದ್ದೂ ಯಾವ ಚಲನ್‌ನಲ್ಲೂ ಕಾಣದು. ಮೇಸ್ತ್ರಿಯ ಫೋನು ಬಾರದಿದ್ದರೆ ಕೆಲಸವಿಲ್ಲ ಎಂದು ಅರ್ಥ, ಅಷ್ಟೇ. ಊರಿಗೆ ಹೊರಟು ನಿಂತಾಗ ಮಾತ್ರ ಈ ಕೈಗಳ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ. 2020ರ ಮೇ ತಿಂಗಳಲ್ಲಿ ಬಿಲ್ಡರುಗಳು ಮುಖ್ಯಮಂತ್ರಿಯನ್ನು ಕಂಡ ನಂತರ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ರದ್ದು ಮಾಡಿ, ಟೀಕೆ ಎದ್ದಮೇಲೆ ಮತ್ತೆ ಬಿಟ್ಟಿತು. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯವರು ಬಸ್ಸಿನಲ್ಲಿ ಊರಿಗೆ ಹೋದರು. ಆ ವರ್ಷ ದೇಶದಲ್ಲಿ ಉದ್ಯೋಗ ಖಾತರಿಯಡಿ ನಡೆದ ಮಾನವ ದಿನಗಳು 389 ಕೋಟಿ, ಹಿಂದಿನ ವರ್ಷ 265 ಕೋಟಿ ಇತ್ತು. ಕೃಷಿ ಬೆಳೆಯಿತು ಎಂದು ಮೇಲೆ ಬರೆದೆನಲ್ಲ, ಅದನ್ನು ಓದಿ ಹಳ್ಳಿಯಲ್ಲಿ ಸಂಬಳ ಹೆಚ್ಚಾಯಿತು ಎಂದು ಯಾರೂ ತಿಳಿಯಬಾರದು. ನಾಲ್ಕು ಜನ ಉಣ್ಣುವ ಗಂಗಾಳದಲ್ಲಿ ಏಳು ಜನ ಕೈಯಿಟ್ಟರು.

ಗಣಿಯ ಉಬ್ಬರ ನೋಡಬೇಕಾದರೆ 2011ಕ್ಕೆ ಮುಂಚಿನ ಹೊಸಪೇಟೆ–ಸಂಡೂರು ರಸ್ತೆ ನೋಡಬೇಕಿತ್ತು. ಚೀನಾ ಅದಿರು ಎಷ್ಟು ಕೊಟ್ಟರೂ ಕೊಳ್ಳುತ್ತಿದ್ದ ಕಾಲ. ಹೊಲ ಮಾರಿ, ಸಾಲ ಮಾಡಿ ಲಾರಿ ಕೊಂಡವರು ಊರಿಗೆ ಹತ್ತಾರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳದ್ದೂ ನಿಂತಿತು. ಅಲ್ಲಿಗೆ ಕ್ಲೀನರ್, ಚಾಲಕ, ಪಂಕ್ಚರ್ ಅಂಗಡಿ, ರಸ್ತೆಬದಿಯ ಢಾಬಾ ಎಲ್ಲವೂ ಒಂದೇ ದಿನಕ್ಕೆ ಸುಮ್ಮನಾದವು. ಒಂದೇ ಸರಕಿನ ಮೇಲೆ ನಿಂತ ಊರಿನಲ್ಲಿ ನಿಮ್ಮ ಕೆಲಸ ಯಾವುದಾದರೂ ಒಂದೇ, ಎಲ್ಲರೂ ಅದೇ ಸರಕಿನ ನೌಕರರು.

ಆಸ್ಪತ್ರೆ, ಶಾಲೆ, ಹೋಟೆಲ್

ಹಿಂಜರಿತ ಎಂದು ಯಾರೂ ಕಾಯಿಲೆ ಮುಂದೂಡುವುದಿಲ್ಲ. ನನ್ನ ನರ್ಸಿಂಗ್ ಹೋಂ ಚಲನ್‌ನ ಹೆಸರುಗಳು ಹತ್ತು ವರ್ಷದಲ್ಲಿ ಅತಿ ಕಡಿಮೆ ಅಲ್ಲಾಡಿದ ಹೆಸರುಗಳು. 2020ರ ಲಾಕ್‌ಡೌನ್‌ನ ಮೊದಲ ಕೆಲವು ತಿಂಗಳು ಮಾತ್ರ ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ನಿಂತು ಅಲ್ಲಿಯೂ ಅರ್ಧ ಸಂಬಳ ಕೊಟ್ಟರು. ತೊಂದರೆ ಏನೆಂದರೆ ಖಾಸಗಿ ಆಸ್ಪತ್ರೆಯ ನರ್ಸ್ ಸಂಬಳ ಇಳಿತದಲ್ಲಿ ಬೀಳದಂತೆಯೇ ಉಬ್ಬರದಲ್ಲಿ ಏರುವುದೂ ಇಲ್ಲ. ಏರಬೇಕಾದರೆ ವಿಮಾನ ಹತ್ತಬೇಕು. ಹಾಗೆ ಕೊಲ್ಲಿಗೆ ಹೋದ ಕರಾವಳಿಯ ಕುಟುಂಬಗಳಿಗೆ ಇನ್ನೊಂದು ಗಡಿಯಾರ ಗೊತ್ತು, ತೈಲ ಬೆಲೆಯದು. 2014ರ ಮಧ್ಯದಲ್ಲಿ ಬ್ಯಾರಲ್ಲಿಗೆ 110 ಡಾಲರ್ ದಾಟಿದ್ದ ಕಚ್ಚಾತೈಲ 2016ರ ಆರಂಭಕ್ಕೆ 30ಕ್ಕಿಂತ ಕೆಳಗಿಳಿಯಿತು. ಪೆಟ್ರೋಲ್ ಅಗ್ಗವಾಯಿತೆಂದು ಬೆಂಗಳೂರು ಖುಷಿಪಟ್ಟ ಆ ವರ್ಷಗಳಲ್ಲಿ ಮಂಗಳೂರು, ಉಡುಪಿಯ ಎಷ್ಟೋ ಮನೆಗಳಿಗೆ ಕೊಲ್ಲಿಯ ನಿರ್ಮಾಣ ಕಂಪನಿಗಳಿಂದ ಮಕ್ಕಳು ಪೆಟ್ಟಿಗೆ ಹಿಡಿದು ವಾಪಸು ಬಂದರು.

ಖಾಸಗಿ ಶಾಲೆಯ ವಿಚಾರದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಎಲ್ಲರೂ ಭದ್ರ ಎಂದುಕೊಂಡ ಕೆಲಸ ಅದು. 2020ರಲ್ಲಿ ಪೋಷಕರು ಫೀಸು ನಿಲ್ಲಿಸಿದಾಗ ಶಿಕ್ಷಕರು ತರಕಾರಿ ಮಾರಿದ್ದನ್ನು, ಉದ್ಯೋಗ ಖಾತರಿಯ ಗುದ್ದಲಿ ಹಿಡಿದದ್ದನ್ನು ನಾವೆಲ್ಲ ಕಂಡೆವು. ಹೋಟೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಲೆ ಕಡಿಮೆ ಇರುವ ದರ್ಶಿನಿ ಹಿಂಜರಿತದಲ್ಲೂ ತುಂಬಿರುತ್ತದೆ, ಮೇಜಿನ ಮೇಲೆ ಬಟ್ಟೆ ಹಾಸಿದ ಹೋಟೆಲ್ ಖಾಲಿಯಾಗುತ್ತದೆ. ಅಡುಗೆ ಬಲ್ಲವನು ಒಂದರಿಂದ ಇನ್ನೊಂದಕ್ಕೆ ಹೋಗಬಲ್ಲ, ಮೆನು ಕಾರ್ಡ್ ಹಿಡಿದು ನಿಲ್ಲುವವನಿಗೆ ಕಷ್ಟ.

ಇಳಿತವೋ, ಬತ್ತುವಿಕೆಯೋ

ಹಿಂಜರಿತ ಎಂದು ನಂಬಿ ಕಾಯುತ್ತಾ ಕೂತು ಆಯುಷ್ಯ ಕಳೆದವರು ನಮ್ಮ ರಾಜ್ಯದಲ್ಲಿ ಕಡಿಮೆಯಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ವಿಚಿತ್ರವೆಂದರೆ ಅದು ಜಗತ್ತಿನಲ್ಲಿ ಚಿನ್ನದ ಬೆಲೆ ತಳ ಕಂಡಿದ್ದ ಕಾಲ, ಆಮೇಲೆ ಬೆಲೆ ಏರಿದ್ದೇ ಏರಿದ್ದು. ಬೆಲೆ ಮರಳಿತು, ಗಣಿ ಮರಳಲಿಲ್ಲ. ಎಚ್‌ಎಂಟಿ ಗಡಿಯಾರಕ್ಕೂ ಹಾಗೆಯೇ ಆಯಿತು. ಜನ ಗಡಿಯಾರ ಕಟ್ಟುವುದನ್ನು ಬಿಡಲಿಲ್ಲ, ಎಚ್‌ಎಂಟಿ ಕಟ್ಟುವುದನ್ನು ಬಿಟ್ಟರು. ಬ್ಯಾಂಕು ನೋಡಿ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ, ನಾಲ್ಕೂ ಏಪ್ರಿಲ್ 1ರಂದೇ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಒಳಗಿದ್ದ ನೌಕರರ ಕೆಲಸ ಉಳಿಯಿತು. ಅಕ್ಕಪಕ್ಕದ ಎರಡು ಶಾಖೆಗಳು ಒಂದಾದವು, ಅಲ್ಲಿ ಮುಂದೆ ತುಂಬಬೇಕಿದ್ದ ಕುರ್ಚಿಗಳು ಹೋದವು.

ಇಳಿತಕ್ಕೂ ಬತ್ತುವಿಕೆಗೂ ವ್ಯತ್ಯಾಸ ತಿಳಿಯಲು ನಾನು ಬಳಸುವುದು ಒರಟು ಪರೀಕ್ಷೆ. ಹಿಂದಿನ ಉಬ್ಬರದಲ್ಲಿ ಈ ಕಡೆ ಹೊಸಬರನ್ನು ತೆಗೆದುಕೊಂಡರೇ? ತೆಗೆದುಕೊಂಡಿದ್ದರೆ ಇದು ಇಳಿತ, ಕಾಯಬಹುದು. ಎಲ್ಲರೂ ಭರಾಟೆಯಲ್ಲಿದ್ದಾಗಲೂ ಇಲ್ಲಿ ನಿವೃತ್ತರ ಜಾಗ ಖಾಲಿಯೇ ಉಳಿದಿದ್ದರೆ ಕೆರೆ ಬತ್ತುತ್ತಿದೆ.

ಆರಿಸುವ ಹೊತ್ತಿಗೆ

ಮನೆಯಲ್ಲಿ ಒಬ್ಬರೇ ದುಡಿಯುವವರಿದ್ದು, ಸಾಲವಿದ್ದು, ಊರಿನಲ್ಲಿ ಜಮೀನೂ ಇಲ್ಲದಿದ್ದರೆ ಹೆಸರು ಅಳಿಯುವ ಕ್ಷೇತ್ರ ಬೇಡ, ಸಂಬಳ ಎಷ್ಟೇ ಇರಲಿ. ಅಂಥವರಿಗೆ ಏರದ ಆದರೆ ಬೀಳದ ಸಂಬಳ ಮೇಲು. ತಂದೆಗೆ ಪಿಂಚಣಿ ಇದೆ, ಸ್ವಂತ ಮನೆ ಇದೆ, ವಯಸ್ಸು ಇಪ್ಪತ್ಮೂರು ಎಂದಾದರೆ ಸ್ಟಾರ್ಟ್‌ಅಪ್‌ಗೆ ಧಾರಾಳವಾಗಿ ಹೋಗಬಹುದು, ಬಿದ್ದರೂ ಏಳಲು ಕಾಲವಿದೆ. ಗಂಡ ಹೆಂಡತಿ ಇಬ್ಬರೂ ದುಡಿಯುವುದಾದರೆ ಬೇರೆ ಬೇರೆ ನೀರಿನಲ್ಲಿ ಈಜುವುದು ಒಳ್ಳೆಯದು. ನಾನು ಕಂಡ ಒಂದು ಸಂಸಾರದಲ್ಲಿ ಇಬ್ಬರ ಕೆಲಸವೂ ಒಂದೇ ಅಮೆರಿಕನ್ ಬ್ಯಾಂಕಿನ ಪ್ರಾಜೆಕ್ಟಿನಲ್ಲಿ, ಸಾಲ ಮಾಡಿ ಕೊಂಡ ಫ್ಲ್ಯಾಟ್ ಅದೇ ಟೆಕ್ ಪಾರ್ಕಿನ ಎದುರು. ಪ್ರಾಜೆಕ್ಟ್ ನಿಂತಾಗ ಎರಡು ಸಂಬಳವೂ ನಿಂತವು. ಆ ರಸ್ತೆಯಲ್ಲಿ ಬಾಡಿಗೆಗೆ ಬರುವವರೂ ಇಲ್ಲವಾದರು.

ಸೇರುವ ಮುನ್ನ ಒಳಗಿನವರೊಬ್ಬರನ್ನು ಚಹಾಕ್ಕೆ ಕರೆದು ಕೇಳಿ: ಕಳೆದ ಆರು ತಿಂಗಳು ಸಂಬಳ ಯಾವ ತಾರೀಖಿಗೆ ಬಂತು? ಪಿಎಫ್ ಪಾಸ್‌ಬುಕ್‌ನಲ್ಲಿ ಕಂಪನಿಯ ಪಾಲು ತಿಂಗಳು ತಿಂಗಳು ಬೀಳುತ್ತಿದೆಯೇ? ಸಂಬಳ ಜಾರುವ ಮೊದಲೇ ಪಿಎಫ್ ಕಟ್ಟುವುದು ತಪ್ಪುತ್ತದೆ, ಇದನ್ನು ನನ್ನ ಕಸುಬಿನ ಮೇಲಾಣೆ ಹೇಳುತ್ತೇನೆ. ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇದ್ದು ಇಎಸ್‌ಐ ಇರುವವರಿಗೆ, ಕೆಲಸ ಹೋದರೆ 90 ದಿನದವರೆಗೆ ನೆರವು ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಶುರುವಾಯಿತು, 2020ರಲ್ಲಿ ಆ ನೆರವನ್ನು ಅರ್ಧ ಸಂಬಳದಷ್ಟಕ್ಕೆ ಏರಿಸಿದರು. ಷರತ್ತುಗಳಿವೆ, ಆದರೂ ಅರ್ಜಿ ಹಾಕುವವರೇ ಕಡಿಮೆ.

ಕೆಟ್ಟ ವರ್ಷದಲ್ಲೇ ಪದವಿ ಮುಗಿದವರಿಗೆ ಒಂದು ಮಾತು. ಕೆನಡಾದ ಪದವೀಧರರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು, ಹಿಂಜರಿತದಲ್ಲಿ ಕೆಲಸಕ್ಕೆ ಸೇರಿದವರ ಗಳಿಕೆ ಮೊದಲಿಗೆ ಸುಮಾರು ಶೇ 9ರಷ್ಟು ಕಡಿಮೆ ಇದ್ದು, ಆ ಅಂತರ ಮುಚ್ಚಲು ಸುಮಾರು ಹತ್ತು ವರ್ಷ ಹಿಡಿಯಿತು ಎಂದು ಕಂಡುಕೊಂಡಿತು. ಬೇಗ ಸುಧಾರಿಸಿಕೊಂಡವರು ಕಾಲ ಸರಿಹೋದ ಮೇಲೆ ಉತ್ತಮ ಕಂಪನಿಗೆ ಬದಲಾದವರು. ಕಷ್ಟಕಾಲದಲ್ಲಿ ಕೆಲಸ ಕೊಟ್ಟರೆಂಬ ಋಣಕ್ಕೆ ಹತ್ತು ವರ್ಷ ಅಲ್ಲೇ ಕೂರುವುದು ನಮ್ಮವರ ದೊಡ್ಡತನ. ಆ ದೊಡ್ಡತನಕ್ಕೆ ಬಡ್ಡಿ ಕಟ್ಟುವುದು ಮಾತ್ರ ತಾವೇ.

ಆ ಹೆಂಗಸಿನ ಮಗನ ಮುಂದೆ ಮೂರು ದಾರಿಗಳಿದ್ದವು. ಊಟ ತಲುಪಿಸುವ ಆ್ಯಪ್‌ನಲ್ಲಿ ಬೈಕ್ ಓಡಿಸಿದರೆ ಆಗಲೇ ತಿಂಗಳಿಗೆ 22,000. ವಿಜಯನಗರದಲ್ಲಿ ಪಿಎಸ್‌ಐ ಕೋಚಿಂಗ್. ತಾಯಿ ಕೆಲಸ ಮಾಡುವ ಶಾಪಿನಲ್ಲೇ ಟ್ರೇನಿ ಸೆಟ್ಟರ್, 13,500. ನಾನು ಹೇಳಿದ್ದು ಇಷ್ಟು: ಬೇರೆಡೆ ಕೆಲಸ ಕಳೆದುಕೊಂಡವರೆಲ್ಲ ಹಿಂಜರಿತದಲ್ಲಿ ಬೈಕ್ ಹತ್ತುತ್ತಾರೆ, ಆರ್ಡರ್ ಅಷ್ಟೇ ಇದ್ದು ಹಂಚಿಕೊಳ್ಳುವವರು ಹೆಚ್ಚಾಗುತ್ತಾರೆ, ಆ 22,000 ಆಗ ಇರುವುದಿಲ್ಲ. ಪಿಎಸ್‌ಐ ಓದು ಬೇಡವೆನ್ನಲಾರೆ, ಆದರೆ ಎರಡು ವರ್ಷ ಅವನನ್ನು ಕೂರಿಸಿ ಉಣ್ಣಿಸಲು ನಿಮ್ಮಿಂದಾಗುತ್ತದೆಯೇ? ಅವರು ಉತ್ತರ ಹೇಳದೆ ಲೋಟಗಳನ್ನು ಎತ್ತಿಕೊಂಡು ಹೋದರು.

ಮುಂದಿನ ತಿಂಗಳ 12ರಂದು ಆ ಶಾಪಿನ ಪಟ್ಟಿ ಬಂತು. ಕೊನೆಯ ಸಾಲಿನಲ್ಲಿ ಪಿಎಫ್ ಖಾತೆಗೆ ಹೊಸ ಯುಎಎನ್ ಸಂಖ್ಯೆ ಮಾಡಿಸಬೇಕಾದ ಒಂದು ಹೆಸರಿತ್ತು, ತಂದೆಯ ಹೆಸರಿನ ಜಾಗದಲ್ಲಿ ತಾಯಿಯದು. ಆ ಖಾನೆಯಲ್ಲಿ ತಂದೆಯ ಹೆಸರು ಯಾಕಿಲ್ಲ ಎಂದು ಕೇಳಲು ಫೋನ್ ಮಾಡಿದೆ. “ಅವರು ಇಲ್ಲ ಸಾರ್, ದಾಖಲೆಯಲ್ಲಿ ಏನು ಬರೆಯಬೇಕೋ ನೀವೇ ನೋಡಿ ಬರೆಯಿರಿ” ಎಂದ ಹುಡುಗ. ಹಿಂದೆ ಮಷಿನ್ ಓಡುವ ಸದ್ದು ಕೇಳುತ್ತಿತ್ತು.